ಕತ್ತಲಿಲ್ಲದ ಊರಿನ ಗಂಟೆ

ಜೋಡಿ ಸೂರ್ಯರ ಆ ಲೋಕದಲ್ಲಿ ಕತ್ತಲೆಂಬುದೇ ಇರಲಿಲ್ಲ. ಒಬ್ಬ ಮುಳುಗುವ ಮೊದಲೇ ಇನ್ನೊಬ್ಬ ಏರಿಬರುತ್ತಿದ್ದ. ಹಾಗಾಗಿ ಅಲ್ಲಿನ ಐದು ಗ್ರಹಗಳಲ್ಲೂ ಗೋಪುರದ ಗಂಟೆ ಹೊಡೆದರೆ ರಾತ್ರಿ, ಮತ್ತೆ ಹೊಡೆದರೆ ಬೆಳಗು. ಮೂರನೆಯ ಗ್ರಹದ ಗಂಟೆಯ ಹಗ್ಗ ಎಳೆದೆಳೆದು ಮುದುಕನ ಅಂಗೈ ಜಡ್ಡುಗಟ್ಟಿತ್ತು. ನಲವತ್ತು ವರ್ಷ ಊರನ್ನೆಲ್ಲ ಮಲಗಿಸಿ ತಾನು ಎಚ್ಚರವಿದ್ದು ಅವನಿಗೆ ಸಾಕಾಗಿಹೋಗಿತ್ತು.

ಬೆಳಗಿನ ಗಂಟೆಗೆ ಇನ್ನು ಸ್ವಲ್ಪವೇ ಹೊತ್ತಿದೆ ಎನ್ನುವಾಗ ನರೆತ ಗಡ್ಡದವನೊಬ್ಬ ಮೆಟ್ಟಿಲು ಹತ್ತಿ ಬಂದು, ಉಸ್ಸೆಂದು ಎದುರಿಗೆ ಕುಸಿದು ಕುಳಿತ.

"ಅಜ್ಜಾ, ಇವತ್ತೊಂದಿನ ಗಂಟೆ ಹೊಡೀಬೇಡಿ."

ಮುದುಕನಿಗೆ ಅರ್ಥವಾಯಿತು. ಬೆಳಗಿನ ಗಂಟೆಗೆ ಜೈಲಿನಲ್ಲಿ ಒಬ್ಬನಿಗೆ ಗಲ್ಲು ಎಂದು ಊರಿಗೆಲ್ಲ ಗೊತ್ತಿತ್ತು.

"ನಾನು ಹೊಡೀದಿದ್ರೆ ಊರೇ ಏಳಲ್ಲಪ್ಪ. ಒಲೆ ಹಚ್ಚಲ್ಲ, ಮಕ್ಕಳು ಶಾಲೆಗೆ ಹೋಗಲ್ಲ."

"ಒಂದಿನ ಹೋಗದಿದ್ರೆ ಏನಾಗುತ್ತೆ? ಗಂಟೆ ಆಗದೆ ಬೆಳಗಿಲ್ಲ, ಬೆಳಗಾಗದೆ ಗಲ್ಲಿಲ್ಲ. ಕಾನೂನೇ ಹಾಗಿದೆಯಲ್ಲ."

"ನಾಳೆ ಏನ್ಮಾಡ್ತೀಯ?"

"ನಾಳೇದು ನಾಳೆಗಾಯ್ತು."

ಎಷ್ಟೋ ತಾಯಂದಿರು, ಹೆಂಡಂದಿರು ಈ ಮೆಟ್ಟಿಲು ಹತ್ತಿ ಬಂದು, ಅತ್ತು, ಇಳಿದು ಹೋಗಿದ್ದರು. ಮುದುಕ ಒಮ್ಮೆಯೂ ಗಂಟೆ ತಪ್ಪಿಸಿರಲಿಲ್ಲ. ಇವತ್ತೂ ಎದ್ದು ಹಗ್ಗಕ್ಕೆ ಕೈ ಹಾಕಿದ.

"ನಿನ್ನ ಸಂಕಟ ಗೊತ್ತಾಗುತ್ತಪ್ಪ. ಅವನು ನಿನಗೇನಾಗಬೇಕು? ಮಗನಾ?"

"ಏನೂ ಆಗಬೇಕಿಲ್ಲ." ಬಂದವನು ತನ್ನ ಅಂಗೈ ಬಿಡಿಸಿ ತೋರಿಸಿದ. ಅದೂ ಜಡ್ಡುಗಟ್ಟಿತ್ತು. "ನೀವು ಈ ಹಗ್ಗ ಎಳೆದ್ರೆ, ನಾನು ಇಳಿದು ಹೋಗಿ ಆ ನೇಣಿನ ಹಗ್ಗ ಎಳೀಬೇಕು, ಅಜ್ಜಾ."