ಮಹೇಶ್ವರಿಯ ಡಬ್ಬಿ

ಮೂವತ್ತನೆಯ ಹಾಳೆಯ ಮೇಲಿನ ಹಿಟ್ಟು ಕೊಡವಿ ಅನ್ನಪೂರ್ಣಾ ಟೀಚರು ಇನ್ನೊಮ್ಮೆ ಎಣಿಸಿದರು. ಮೂವತ್ತೇ. ನಾಲ್ಕನೆಯ ತರಗತಿಯ ಮಕ್ಕಳು ಮೂವತ್ತೊಂದು.

"ಲಾಡಸಾಬ್ರ, ಮಹೇಶ್ವರಿದು ಈ ವಾರನೂ ಬಂದಿಲ್ಲೇನ್ರಿ?"

"ಇಲ್ರೀ ಅಕ್ಕೋರ!" ತಿರುಗುತ್ತಿದ್ದ ಗಿರಣಿಯ ಪಕ್ಕದಿಂದಲೇ ಲಾಡಸಾಬ ಕೂಗಿದ. ಮೂವತ್ತು ವರ್ಷ ಹಿಟ್ಟು ಬೀಸಿದವನ ದನಿ ಅದು. ಗಿರಣಿ ನಿಂತಾಗ ಗುಟ್ಟು ಹೇಳಿದರೆ ಮೂರು ಓಣಿಗೆ ಕೇಳುತ್ತಿತ್ತು.

ಕೊರೊನಾ ಕಾಲ. ಹೊರಗಿನವರು ಬರಕೂಡದೆಂದು ಊರಿನವರು ರಸ್ತೆಗೆ ಜಾಲಿ ಕಂಟಿ ಎಳೆದಿದ್ದರು. ರೋಣದಿಂದ ಸ್ಕೂಟಿಯಲ್ಲಿ ಬರುವ ಟೀಚರಿಗೆ ಕಂಟಿಯ ಈಚೆಗಿದ್ದ ಗಿರಣಿಯವರೆಗೆ ಮಾತ್ರ ಅಪ್ಪಣೆ. ಊರಲ್ಲಿ ದೊಡ್ಡ ಮೊಬೈಲ್ ಇದ್ದದ್ದು ಆರು ಮನೆಯಲ್ಲಿ. ಆದರೆ ಓದು ಬಿಟ್ಟರೂ ರೊಟ್ಟಿ ಬಿಡುವ ಜನ ಅಲ್ಲವಲ್ಲ! ವಾರಕ್ಕೊಮ್ಮೆ ಪ್ರತಿ ಮನೆಯ ಡಬ್ಬಿ ಗಿರಣಿಗೆ ಬಂದೇ ಬರುತ್ತದೆ. ಟೀಚರು ಅದನ್ನೇ ಹಿಡಿದರು. ಲಾಡಸಾಬ ಬಿಸಿ ಹಿಟ್ಟಿನ ಮೇಲೆ ಪಾಠದ ಹಾಳೆ ಇಟ್ಟು ಮುಚ್ಚಳ ಹಾಕುತ್ತಿದ್ದ, ಮುಂದಿನ ವಾರ ಉತ್ತರ ಜೋಳದ ಮೇಲೆ ಕೂತು ಬರುತ್ತಿತ್ತು. ರೋಣದ ಮೀಟಿಂಗಿನಲ್ಲಿ ಸಾಹೇಬರು ಇದಕ್ಕೆ ಚಪ್ಪಾಳೆ ಹೊಡೆಸಿದ್ದರು.

ಸಂಪರ್ಕಕ್ಕೆ ಸಿಗದ ಮಕ್ಕಳ ಪಟ್ಟಿ ಆ ಸಂಜೆಯೊಳಗೆ ಆಫೀಸು ಮುಟ್ಟಬೇಕಿತ್ತು. ಈ ಶನಿವಾರ ಉತ್ತರ ಕಳಿಸದವರ ಹೆಸರು ಶಾಲೆ ಬಿಟ್ಟವರ ಜೊತೆ ಸೇರುತ್ತದೆ ಎಂದು ಟೀಚರು ಹೋದ ವಾರದ ಹಾಳೆಗಳ ಕೆಳಗೆ ಕೆಂಪು ಪೆನ್ನಿನಲ್ಲಿ ಬರೆದೂ ಇದ್ದರು. ಈಗ ಪಟ್ಟಿ ತೆಗೆದು 'ಮಹೇ' ಎಂದು ಬರೆಯತೊಡಗಿದರು.

"ಶಾಣ್ಯಾ ಹುಡುಗಿ. ಬರಿಯೂ ಮನಸ್ಸಿಲ್ಲ ಅಂದ್ರ ನಾ ಏನ ಮಾಡ್ಲಿ?"

ಲಾಡಸಾಬ ಹತ್ತಿರ ಬಂದ. "ಮನಸ್ಸಿನ ಮಾತಲ್ರೀ. ಡಬ್ಬಿನ ಬಂದಿಲ್ಲ, ನಾಕ ವಾರ ಆತು. ಅವರಪ್ಪ ಅವ್ವ ದುಡ್ಯಾಕ ಹೋಗಿ ಗೋವಾದಾಗ ಸಿಕ್ಕೊಂಡಾರ. ಮನ್ಯಾಗ ಆಕಿ, ಆಕಿ ಅಜ್ಜಿ ಹೊಳೆವ್ವ, ಇಬ್ರ. ರೇಷನ್ ಅಕ್ಕಿ ಕುದಿಸಿ ಉಣ್ತಾರ. ಅನ್ನಕ್ಕ ಗಿರಣಿ ಯಾಕ ಬೇಕ್ರಿ?"

ಪೆನ್ನು ನಿಂತಿತು. ಟೀಚರಿಗೆ ನಾಚಿಕೆಯಾಯಿತು. ಮೊಬೈಲ್ ಇಲ್ಲದ ಮನೆಗಳನ್ನು ಒಂದೂ ಬಿಡದೆ ಎಣಿಸಿದ್ದರು. ಜೋಳ ಇಲ್ಲದ ಮನೆಯೂ ಇದ್ದೀತೆಂದು ಹೊಳೆದೇ ಇರಲಿಲ್ಲ.

"ಬರೇ ಡಬ್ಬಿ ಕಳಸಂತ ಹೇಳ್ರಿ. ಹಾಳಿ ಇಟ್ಟ ಕೊಟ್ರಾತು."

"ಖಾಲಿ ಡಬ್ಬಿ ಹೊತ್ಕೊಂಡ ಗಿರಣಿಗೆ ಯಾರ ಬರ್ತಾರ್ರಿ ಅಕ್ಕೋರ? ಊರ ನೋಡ್ತೈತಿ. ಹೊಳೆವ್ವ ಉಪಾಸ ಇದ್ದಾಳು, ಹಂತಾ ಕೆಲಸ ಮಾಡಾಕಿ ಅಲ್ಲ."

ಅಷ್ಟರಲ್ಲಿ ಗಿರಣಿಯ ಸದ್ದು ಬದಲಾಯಿತು. ಲಾಡಸಾಬ ಮಾತು ಬಿಟ್ಟು ಓಡಿ ಸ್ವಿಚ್ ಆರಿಸಿದ. ಕಾಳಿಲ್ಲದೆ ತಿರುಗಿದರೆ ಕಲ್ಲು ಕಲ್ಲನ್ನೇ ತಿನ್ನುತ್ತದೆ. ಹಾಗೆ ಒಮ್ಮೆ ಮರೆತದ್ದಕ್ಕೆ ಅವನು ಬೆಳೆದ ಮಗನಿಗೂ ಕೈ ಎತ್ತಿದ್ದ.

ಆಗ ಕಂಟಿಯ ಪಕ್ಕದ ಸಂದಿಯಿಂದ ಮಹೇಶ್ವರಿ ಬಂದಳು. ತಲೆಯ ಮೇಲೆ ಡಬ್ಬಿ, ಅದರ ಬಾಯಿಗೆ ಬಿಗಿಯಾಗಿ ಕಟ್ಟಿದ ಅರಿವೆ. ಕತ್ತು ಸೆಟೆಸಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತ, ಅಂತರಕ್ಕೆಂದು ಎಳೆದ ಸುಣ್ಣದ ವೃತ್ತದಲ್ಲಿ ಪಾಳಿ ಹಿಡಿದು ನಿಂತಳು.

"ಏನವಾ, ಜೋಳ ಬಂದೂವೇನ ಮನಿಗೆ?" ಎಂದಳು ಮುಂದಿದ್ದ ಖಾತುನಬಿ. ಹುಡುಗಿ ಡಬ್ಬಿಯನ್ನು ಇನ್ನಷ್ಟು ಗಟ್ಟಿ ಹಿಡಿದಳು.

ಖಾತುನಬಿಯದು ಬೀಸಿ ಮುಗಿಯಿತು. ಲಾಡಸಾಬ ಎಂದಿನ ಹುರುಪಿನಲ್ಲಿ ಮಹೇಶ್ವರಿಯ ಡಬ್ಬಿಗೆ ಕೈ ಹಾಕಿ ಎತ್ತಿದ. ಅದು ಅವನ ಗದ್ದದವರೆಗೆ ಹಾರಿ ಬಂತು. ಅರಿವೆ ಸರಿಸಿ ಇಣುಕಿದ. ಒಳಗೆ ನೋಟ್‌ಬುಕ್ಕಿನಿಂದ ಹರಿದ ನಾಲ್ಕು ಹಾಳೆ ಬಿಟ್ಟರೆ ಒಂದು ಕಾಳೂ ಇರಲಿಲ್ಲ. ಮೂರು ಓಣಿಗೆ ಕೇಳುವ ಬಾಯಿ ತೆರೆಯಿತು. ಟೀಚರು ಬೆಂಚಿನಿಂದ ಅರ್ಧ ಎದ್ದರು.

ಲಾಡಸಾಬ ಬಾಯಿ ಮುಚ್ಚಿದ. ಸಾಲಿನವರಿಗೆ ಬೆನ್ನು ತಿರುಗಿಸಿ, ಹಾಳೆ ತೆಗೆದು ಬಗಲಿಗಿಟ್ಟು, ಡಬ್ಬಿಯನ್ನು ಗಿರಣಿಯ ಬಾಯಿಗೆ ಸುರಿಯುವಂತೆ ಹಿಡಿದ. ಸ್ವಿಚ್ ಒತ್ತಿದ.

ಕಲ್ಲು ಕರಕರ ಹಲ್ಲು ಕಡಿಯಿತು. ಡಬ್ಬಿ ಎತ್ತಿಕೊಳ್ಳುತ್ತಿದ್ದ ಖಾತುನಬಿ ಸರಕ್ಕನೆ ತಿರುಗಿ ನೋಡಿದಳು. ಹುಡುಗಿಯನ್ನು ನೋಡಿದಳು. ಆಮೇಲೆ ರಸ್ತೆಯ ಕಡೆ ಮುಖ ಮಾಡಿ, ಈ ಸರ್ತಿ ಮಳೆ ಹ್ಯಾಂಗೋ ಏನೋ ಎಂದು ಹಿಂದಿನವರೊಂದಿಗೆ ಮಾತಿಗಿಳಿದಳು.

ಆ ಸದ್ದಿನಲ್ಲೇ ಹಾಳೆಗಳು ಟೀಚರ ಕೈ ಸೇರಿದವು. ನಾಲ್ಕು ವಾರದ ಪ್ರಶ್ನೆ, ನಾಲ್ಕು ವಾರದ ಉತ್ತರ, ಎಲ್ಲ ಪೆನ್ಸಿಲ್ಲಿನಲ್ಲಿ. ಕೆಂಪು ಪೆನ್ನಿನ ಎಚ್ಚರಿಕೆಯನ್ನೂ ಅವಳು ಬಿಡದೆ ಬರೆದುಕೊಂಡಿದ್ದಳು. ಮೇಲೆ ಒಂದು ಸಾಲು: 'ಪ್ರಶ್ನೆ ಗೆಳತಿ ಸಿಮ್ರಾನಳ ಹಾಳೆ ನೋಡಿ ಬರೆದದ್ದು. ಉತ್ತರ ನನ್ನವು.' ಟೀಚರು ಅರ್ಧ ಬರೆದಿದ್ದ ಹೆಸರನ್ನು ಹೊಡೆದುಹಾಕಿದರು. ಒತ್ತಿದ್ದಕ್ಕೆ ಪಟ್ಟಿಯೇ ಹರಿಯಿತು.

ಲಾಡಸಾಬ ಸ್ವಿಚ್ ಆರಿಸಿದ. ಡಬ್ಬಿಯೊಳಗೆ ಮುಂದಿನ ವಾರದ ಹಾಳೆ ಇಟ್ಟು ಅರಿವೆ ಕಟ್ಟಿದ. ಆಮೇಲೆ ಸೊಂಟ ಬಗ್ಗಿಸಿ, ಎರಡೂ ಕೈಯಿಂದ ಡಬ್ಬಿ ಹಿಡಿದು, ಹ್ಞಾ ಎಂದು ಉಸಿರು ಬಿಡುತ್ತ ಎತ್ತಿ ಹುಡುಗಿಯ ತಲೆಯ ಮೇಲಿಟ್ಟ.

"ಹುಷಾರಿ ಹೋಗವಾ," ಸಾಲಿಗೆಲ್ಲ ಕೇಳುವಂತೆ ಕೂಗಿದ, "ಭಾಳ ಭಾರ ಐತಿ."