ಅಜ್ಜಿ ಕೊಟ್ಟ ನಿದ್ದೆ

ಮುಂದೆ ಬಾಣಂತಿಯರಿಗೆ ಒದಗಲೆಂದು ನಮ್ಮೂರಿನವರು ತಲೆಮಾರುಗಳಿಂದ ತಮ್ಮ ನಿದ್ದೆಯನ್ನು ಊರಿನ ನಿಧಿಗೆ ಕೊಡುತ್ತ ಬಂದಿದ್ದಾರೆ. ತೀರಿಕೊಂಡ ನನ್ನಜ್ಜಿ ನಿಂಬೆವ್ವ ಮಧ್ಯಾಹ್ನದ ನಿದ್ದೆಯನ್ನೆಲ್ಲ ಅಲ್ಲಿಗೇ ಕೊಟ್ಟು, ರೊಟ್ಟಿ ಬಡಿಯುತ್ತಲೇ ತೂಕಡಿಸುತ್ತಿದ್ದಳು. ಕೊಟ್ಟವರ ಕನವರಿಕೆಯೂ ನಿದ್ದೆಯ ಜೊತೆಗೇ ಹೋಗುತ್ತದೆ. ಮಲಗಿದ ಬಾಣಂತಿಯ ಬಾಯಲ್ಲಿ ಸತ್ತವರ ಮಾತು ಕೇಳಿದರೆ ಇಲ್ಲಿ ಯಾರೂ ಬೆಚ್ಚುವುದಿಲ್ಲ.

ಹಸುಗೂಸನ್ನು ಹೆಗಲಿಗೆ ಹಾಕಿಕೊಂಡು, ಉರಿಯುವ ಕಣ್ಣಲ್ಲೇ ನಿಧಿಯ ಕಚೇರಿಗೆ ಹೋದೆ.

"ನಿದ್ದಿ ಖಾಲಿ ಆಗೇತ್ರಿ ಅಕ್ಕಾರ," ಎಂದ ಗುಮಾಸ್ತ. "ಈಗಿನ ಮಂದಿ ಮೊದಲಿನಂಗ ಕೊಡಂಗಿಲ್ಲ."

"ಅಧ್ಯಕ್ಷರನ್ನ ಕರೀರಿ."

"ಮಲ್ಕೊಂಡಾರ್ರಿ."

ಪರದೆಯಾಚೆ ಅಧ್ಯಕ್ಷರ ಗೊರಕೆ ಕೇಳುತ್ತಿತ್ತು. ಅದು ನಿಂತಿತು. ನಿದ್ದೆಯಲ್ಲೇ ಅವರು ಮೆಲ್ಲಗೆ ಕನವರಿಸಿದರು.

"ಗುಬ್ಬವ್ವಾ, ರೊಟ್ಟಿ ತಿಂದೇನು?"

ನನ್ನನ್ನು ಗುಬ್ಬವ್ವ ಎನ್ನುತ್ತಿದ್ದವಳು ಅಜ್ಜಿ ಒಬ್ಬಳೇ.