ಇಪ್ಪತ್ತನೆಯ ಹೆಸರು

ಗುಡ್ಡ ಕಡಿದು ಕಟ್ಟುತ್ತಿದ್ದ ಉಕ್ಕಿನ ಕಾರ್ಖಾನೆಯ ಹೊಸ ಕಾಲೊನಿ ಅದು. ಹತ್ತಿರದಲ್ಲಿ ಬೇರೆ ಊರಿರಲಿಲ್ಲ. ಕೂಲಿಕಾರರ ಮಕ್ಕಳಿಗೆಂದು ಸರಕಾರ ಅಲ್ಲೊಂದು ಶಾಲೆ ತೆರೆದಿತ್ತು. ಮಗಳು ಜ್ವರದಲ್ಲಿ ತೀರಿಹೋದ ಹದಿನೈದನೆಯ ದಿನ ಹುಲಿಗೆವ್ವ ಆ ಶಾಲೆಯ ಬಾಗಿಲಲ್ಲಿ ಬಂದು ನಿಂತಳು. ಅವಳಿಗೆ ಅಳುವೂ ಬರುತ್ತಿರಲಿಲ್ಲ.

"ಅಕ್ಕೋರ, ಹಾಜರಿ ಪುಸ್ತಕದಾಗ ನನ್ನ ಅನಸೂಯಾನ ಹೆಸರು ಹೊಡದ ಹಾಕ್ರಿ."

ಟೀಚರು ತಲೆ ತಗ್ಗಿಸಿದರು. "ಇಪ್ಪತ್ತು ಮಕ್ಕಳಿಗಿಂತ ಕಡಿಮಿ ಆದ್ರ ಸಾಲಿ ಮುಚ್ಚಬೇಕಂತ ಸರಕಾರದ ನಿಯಮ ಐತಿ. ಅಕಿ ಹೆಸರು ತಗದ್ರ ಹತ್ತೊಂಬತ್ತ ಉಳೀತಾವು. ಈ ವರ್ಷ ಒಂದು ಇರಲಿ ಬಿಡವ್ವಾ."

ಹುಲಿಗೆವ್ವ ಒಳಗೆ ಕೂತಿದ್ದ ಮಕ್ಕಳನ್ನು ಒಮ್ಮೆ ನೋಡಿದಳು. "ಇರಲಿ" ಎಂದು ಇಟ್ಟಿಗೆ ಹೊರಲು ಹೊರಟುಹೋದಳು.

ಏಪ್ರಿಲ್‌ನಲ್ಲಿ ಟೀಚರೇ ಅವಳ ಶೆಡ್ಡಿಗೆ ಬಂದರು. "ತಪ್ಪು ತಿಳೀಬ್ಯಾಡ ಹುಲಿಗೆವ್ವ. ಹೆಸರು ಇದ್ದ ಮ್ಯಾಲೆ ಅಂಕಪಟ್ಟೀನೂ ಬರೀಬೇಕಾತು. ಇಲ್ಲಿ ನಿನ್ನ ಹೆಬ್ಬೆಟ್ಟು ಬೇಕು."

"ಏನು ಬರದೀರಿ, ಓದ್ರಿ."

ಟೀಚರು ಒಂದೊಂದೇ ವಿಷಯದ ಅಂಕ ಓದಿ ಹೇಳಿದರು. ಮಸಿ ಹಚ್ಚಿಕೊಂಡಿದ್ದ ಹೆಬ್ಬೆರಳನ್ನು ಹುಲಿಗೆವ್ವ ಹಿಂದಕ್ಕೆಳೆದುಕೊಂಡಳು.

"ಲೆಕ್ಕದಾಗ ಯಾಕ್ರಿ ಅಕಿಗೆ ಇಷ್ಟು ಕಡಿಮಿ ಕೊಟ್ಟೀರಿ?"